ನಡೆದು ಹೋದ ಪ್ರಸಾದ

ಗೋವೆಯ ಬಾಣಾವಲಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದ ಜೋಸೆಫ್ ವಾಜ್ ಎಂಬ ಕೊಂಕಣಿ ಪಾದ್ರಿ 1681ರಿಂದ 1684ರವರೆಗೆ ನಮ್ಮ ಕರಾವಳಿಯಲ್ಲಿ ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರು ಎಂದು ತಿರುಗಿದರು. ಆಗ ಕೆಳದಿಯಲ್ಲಿ ಚೆನ್ನಮ್ಮಾಜಿಯ ಆಳ್ವಿಕೆ. 1687ರಲ್ಲಿ ವೇಷ ಮರೆಸಿಕೊಂಡು ಸಿಂಹಳಕ್ಕೆ ದಾಟಿದರು. ಮತ್ತೆ ಹಿಂದಿರುಗಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು. ಅವರ ಬದುಕಿನ ನಡುಗಂಬ ಪರಮ ಪ್ರಸಾದ. ಬಲಿಪೂಜೆಯಲ್ಲಿ ರೊಟ್ಟಿಯೂ ದ್ರಾಕ್ಷಾರಸವೂ ಕ್ರಿಸ್ತನ ಶರೀರ, ರಕ್ತಗಳೇ ಆಗುತ್ತವೆ ಎಂದು ಕಥೋಲಿಕರು ನಂಬುತ್ತಾರೆ. ಮಠ, ದಾಸೋಹಗಳ ನಡುವೆ ಇರುವ ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಕೂತು ಆ ಭಕ್ತಿಯನ್ನು ಚಿಂತಿಸಿದಾಗ ಹೊಳೆದ ಕಣಗಳಿವು.

ಹಸಿವು

• ದಿನಾ ಸಿಗುವ ಪ್ರಸಾದದ ರುಚಿಯನ್ನು ನಾಲಗೆ ಬಲ್ಲದು. ಸಿಗದೆ ಹೋದ ಪ್ರಸಾದದ ರುಚಿಯನ್ನು ಬಲ್ಲದ್ದು ನೆನಪು ಒಂದೇ.

• 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಸಿಂಹಳದಿಂದ ಹೊರಗಟ್ಟಿದರು. ಕಥೋಲಿಕ ಪಾದ್ರಿಗಳನ್ನೂ ಓಡಿಸಿದರು; ಪಾದ್ರಿಗೆ ಆಸರೆ ಕೊಟ್ಟವರಿಗೆ ಮರಣದಂಡನೆ ಎಂದು ಸಾರಿದರು. ವಾಜ್ ಕಾಲಿಡುವ ಹೊತ್ತಿಗೆ ಹೆಚ್ಚುಕಡಿಮೆ 30 ವರ್ಷ ಕಳೆದಿತ್ತು. ಬಲಿಪೂಜೆಯನ್ನೇ ಕಾಣದೆ ಬೆಳೆದ ಮಕ್ಕಳು ತಾವೂ ಮಕ್ಕಳನ್ನು ಹೆತ್ತಿದ್ದರು. ಆದರೂ ಮನೆಯೊಳಗೆ ಜಪಮಾಲೆ ಉಳಿದಿತ್ತು. ಆಸ್ತಿಯನ್ನಷ್ಟೇ ಅಲ್ಲ, ಹಸಿವನ್ನೂ ಮಕ್ಕಳಿಗೆ ಬಿಟ್ಟುಹೋಗಬಹುದು.

• ಅನ್ನಕ್ಕೆ ಹಸಿದವನು ಬೀದಿಯಲ್ಲಿ ನಿಂತು ಬೇಡಬಹುದು. ಸಿಂಹಳದ ಜಾಫ್ನಾದ ಕಥೋಲಿಕರಿಗೆ ಆ ಅನುಕೂಲವೂ ಇರಲಿಲ್ಲ. ಬೇಡಿದರೆ ಬೇಡಿದ್ದೇ ಅವರ ಮೇಲಿನ ಸಾಕ್ಷಿ.

• ಪೀಠ ಕೆಡವಬಹುದು, ಪಾದ್ರಿಯನ್ನು ಹಡಗು ಹತ್ತಿಸಬಹುದು. ಹಸಿವನ್ನು ಗಡೀಪಾರು ಮಾಡುವ ಆಜ್ಞೆಯನ್ನು ಇನ್ನೂ ಯಾವ ಸರಕಾರವೂ ಬರೆದಿಲ್ಲ.

• ವಾಜ್ ಕಾಲದಲ್ಲಿ ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. 1957ರಲ್ಲಿ ಆ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ನಿಯಮ ಸಡಿಲವಾದದ್ದು ಜನರ ಮೇಲಿನ ಕರುಣೆಯಿಂದ. ಕರುಣೆ ಹೊಟ್ಟೆಯನ್ನು ಹಗುರಮಾಡೀತು. ಹಂಬಲವನ್ನು ಮಾತ್ರ ಅವರವರೇ ಬೆಳೆಸಿಕೊಳ್ಳಬೇಕು.

• 2020ರಲ್ಲಿ ಚರ್ಚುಗಳ ಬಾಗಿಲು ಮುಚ್ಚಿ ಬಲಿಪೂಜೆ ಮೊಬೈಲಿಗೆ ಬಂತು. ಪ್ರವಚನ ಕೇಳಿಸಿತು, ಹಾಡು ಕೇಳಿಸಿತು, ಪೀಠವೂ ಕಾಣಿಸಿತು. ಪ್ರಸಾದ ಮಾತ್ರ ಪರದೆಯ ಆಚೆಗೇ ಉಳಿಯಿತು. ದೇವರನ್ನು ನೋಡುವುದು ಬೇರೆ, ದೇವರನ್ನು ಉಣ್ಣುವುದು ಬೇರೆ ಎಂದು ಆ ತಿಂಗಳುಗಳಲ್ಲಿ ಚಿಕ್ಕ ಮಕ್ಕಳಿಗೂ ತಿಳಿಯಿತು.

• ಉಣಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿಯ ಚರ್ಚು ದೂರವೇನಲ್ಲ. ಆದರೂ ಭಾನುವಾರದ ಬೆಳಿಗ್ಗೆ ಅದು ದೂರವಾಗುತ್ತದೆ. ರಸ್ತೆಯ ಉದ್ದವನ್ನು ಬೇಕೆನ್ನುವ ಮನಸ್ಸು ಅಳೆಯುತ್ತದೆ.

ಹೆಜ್ಜೆ

• ಗೋವೆಯಲ್ಲಿ ಬಂಗಾರದ ಲೇಪದ ಪೀಠಗಳಿದ್ದವು, ದೊಡ್ಡ ಗಂಟೆಗಳಿದ್ದವು, ಪಾದ್ರಿಗಳಿಗೆ ಬರವಿರಲಿಲ್ಲ. ಪ್ರಸಾದ ತುಂಬಿ ತುಳುಕುವ ಊರನ್ನು ಬಿಟ್ಟು ಅದು ಇಲ್ಲದ ಊರನ್ನು ಹುಡುಕಿಕೊಂಡು ಹೊರಟರು ವಾಜ್. ಅವರ ಪ್ರಸಾದಭಕ್ತಿಯನ್ನು ಕುರಿತು ಹೇಳಬೇಕಾದ ಮೊದಲ ಮಾತೂ ಇದೇ, ಕೊನೆಯ ಮಾತೂ ಇದೇ.

• ಭಕ್ತಿಯನ್ನು ಮೊಣಕಾಲಿನಿಂದ ಅಳೆಯುವ ವಾಡಿಕೆ ನಮ್ಮದು. ಪಾದದಿಂದಲೂ ಅಳೆದು ನೋಡಬೇಕು.

• ಜಾಫ್ನಾದಲ್ಲಿ ಯಾರು ಕಥೋಲಿಕರು ಎಂದು ಕೇಳುವಂತಿರಲಿಲ್ಲ. ಕೇಳಿದವನಿಗೂ ಅಪಾಯ, ಹೇಳಿದವನಿಗೂ ಅಪಾಯ. ವಾಜ್ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಯಿಂದ ಮನೆಗೆ ಭಿಕ್ಷೆಗೆ ಹೋದರು. ಮಾಲೆ ಕಂಡು ಯಾರ ಕಣ್ಣು ಅರಳಿತೋ ಆ ಮನೆ ತನ್ನದು ಎಂದು ತಿಳಿದರು. ಕೊಡಲು ಬಂದವನು ಬೇಡುವವನಾಗಿ ನಿಂತಾಗ ಬಾಗಿಲು ತಾನಾಗಿ ತೆರೆಯುತ್ತದೆ.

• ಬಲಿಪೂಜೆಗೆ ಗೋಧಿಯ ರೊಟ್ಟಿಯೇ ಆಗಬೇಕು, ದ್ರಾಕ್ಷಿಯ ರಸವೇ ಆಗಬೇಕು. ಅಕ್ಕಿ ಉಣ್ಣುವ ದ್ವೀಪದಲ್ಲಿ ಅವೆರಡೂ ಹೊರಗಿನ ಸರಕು. ಜೋಳ ಉಣ್ಣುವ ನಮ್ಮ ಸೀಮೆಯ ಚರ್ಚುಗಳಲ್ಲೂ ಪೀಠದ ಮೇಲೆ ಗೋಧಿಯದೇ ರೊಟ್ಟಿ. ಊರಿನ ಹೊಲದಲ್ಲಿ ಬೆಳೆಯದ್ದನ್ನು ಊರಿನ ಊಟವಾಗಿಸುವುದು ಹೇಗೆ? ಹೊತ್ತು ತಂದವನ ಬೆವರು ಬಿದ್ದ ಮೇಲೆ ಅದು ಆ ಊರಿನದೇ ಆಗುತ್ತದೆ.

• ಪೋರ್ಚುಗೀಸರ ಕಾಲದಲ್ಲಿ ಪಾದ್ರಿಯ ಹಿಂದೆ ಹಡಗಿತ್ತು, ಹಡಗಿನಲ್ಲಿ ತೋಪಿತ್ತು. ವಾಜ್ ಹಿಂದೆ ಇದ್ದದ್ದು ಜಾನ್ ಎಂಬ ಆಳುಮಗ. ಪ್ರಸಾದ ತನ್ನ ಸ್ವಂತ ಬಲದಲ್ಲಿ ನಡೆದದ್ದನ್ನು ನೋಡಬೇಕಾದರೆ ಈ ಎರಡನೆಯ ಯಾತ್ರೆಯನ್ನು ನೋಡಬೇಕು.

• ಕ್ರಿಸ್ತನ ಹೆಸರು ಹೇಳುವ ಡಚ್ಚರು ಅವರನ್ನು ಬೇಟೆಯಾಡಿದರು. ಬುದ್ಧನಿಗೆ ಕೈಮುಗಿಯುವ ಕ್ಯಾಂಡಿಯ ದೊರೆ ಎರಡನೆಯ ವಿಮಲಧರ್ಮಸೂರ್ಯ ಮೊದಲು ಸೆರೆಗೆ ಹಾಕಿದ, ಆಮೇಲೆ ಆಸರೆ ಕೊಟ್ಟ. ಧರ್ಮ ಒಂದೇ ಆದ ಮಾತ್ರಕ್ಕೆ ನೆರಳು ಸಿಗುವುದಿಲ್ಲ. ಧರ್ಮ ಬೇರೆಯಾದ ಮಾತ್ರಕ್ಕೆ ನೆರಳು ತಪ್ಪುವುದೂ ಇಲ್ಲ.

• ಸಿಂಹಳಕ್ಕೂ ಮೊದಲು ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ, ಬಂದಾಗ ವಾಜ್ ಕಂಡದ್ದು ಹಸಿವಿಗಿಂತ ಕೆಟ್ಟದ್ದನ್ನು: ಬಡಿಸುವವರ ಜಗಳ. ಗೋವೆಯ ಆರ್ಚ್‌ಬಿಷಪ್ಪರ ಕಡೆಯವರದು ಒಂದು ಬಣ, ರೋಮ್ ನೇಮಿಸಿದ ಬಿಷಪ್ ತೋಮಸ್ ಡಿ ಕಾಸ್ಟ್ರೊ ಕಡೆಯವರದು ಇನ್ನೊಂದು. ಯಾರ ಕೈಯ ಸಂಸ್ಕಾರ ಸಲ್ಲುತ್ತದೆ, ಯಾರದು ಸಲ್ಲುವುದಿಲ್ಲ ಎಂದು ಜನ ದಿಕ್ಕೆಟ್ಟಿದ್ದರು. ವಾಜ್ ಗೋವೆಯ ಕಡೆಯಿಂದ ಬಂದವರು. ಆದರೂ ಎದುರು ಬಣದ ಬಿಷಪ್ಪರನ್ನು ಗೌರವದಿಂದ ಕಂಡು ಮಾತಾಡಿದರು. ಅಡುಗೆಮನೆಯ ಅಧಿಕಾರ ಯಾರದೆಂದು ತೀರ್ಮಾನವಾಗುವವರೆಗೆ ಹಸಿದ ಮಗು ಕಾಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

• ಮಂಗಳೂರು ಬಳಿಯ ಮುಡಿಪು ಗುಡ್ಡದಲ್ಲಿ ವಾಜ್ ಊರುಗೋಲು ಊರಿದ ಕಡೆ ನೀರು ಚಿಮ್ಮಿತು ಎಂದು ಭಕ್ತರು ಹೇಳುತ್ತಾರೆ. ಆ ಕತೆಯಲ್ಲೂ ಅವರು ಹೊರಟದ್ದು ರಾತ್ರಿ, ಸಂಸ್ಕಾರ ಬೇಕೆಂದು ಕರೆ ಬಂದಿದೆ ಎಂದು ನಂಬಿ. ಬುಗ್ಗೆಯ ನಿಜವನ್ನು ನಂಬಿಕೆಗೆ ಬಿಡೋಣ. ಕರೆದ ಕೂಡಲೇ ಎದ್ದು ಹೊರಡುವ ಗುಣವನ್ನು ಜನ ಮರೆಯಲಿಲ್ಲ ಎಂಬುದಕ್ಕೆ ಆ ಕತೆಯೇ ಪುರಾವೆ.

ಸೆರೆ

• 1689ರ ಕ್ರಿಸ್ಮಸ್ ಹಿಂದಿನ ರಾತ್ರಿ ಜಾಫ್ನಾದಲ್ಲಿ ಬಲಿಪೂಜೆಗೆಂದು ಕೂಡಿದ್ದವರ ಮೇಲೆ ಡಚ್ಚರು ದಾಳಿಯಿಟ್ಟರು. ಜನ ಸೆರೆ ಸಿಕ್ಕರು, ವಾಜ್ ಸಿಗಲಿಲ್ಲ. ಆ ರಾತ್ರಿ ಆ ಜನರಿಗೆ ಪ್ರಸಾದ ದೊರೆಯಲಿಲ್ಲ. ಪ್ರಸಾದಕ್ಕೆ ಅವರು ದೊರೆತರು.

• ತಪ್ಪಿಸಿಕೊಂಡವನ ನೋವನ್ನು ಚರಿತ್ರೆ ಬರೆಯುವುದಿಲ್ಲ. ತನ್ನ ಕೈಯ ರೊಟ್ಟಿಗಾಗಿ ಬಂದವರು ಸೆರೆಮನೆಯಲ್ಲಿ, ತಾನು ಬಯಲಿನಲ್ಲಿ! ಅಂಥ ಬಿಡುಗಡೆ ಸಂಕಲೆಗಿಂತ ಭಾರ.

• 1692ರಲ್ಲಿ ವಾಜ್ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಅವರನ್ನೇ ಹಿಡಿದರು. ಕಾವಲು ಸ್ವಲ್ಪ ಸಡಿಲಾದದ್ದೇ ತಡ, ಸೆರೆಯ ಆವರಣದಲ್ಲಿ ಒಂದು ಗುಡಿಸಲು ಎದ್ದಿತು, ಗುಡಿಸಲೊಳಗೆ ಒಂದು ಪೀಠ. ಅಲ್ಲೇ ಕೂತು ಸಿಂಹಳ ಭಾಷೆಯನ್ನೂ ಕಲಿತರು. ಸೆರೆಮನೆಯನ್ನು ಧರ್ಮಕೇಂದ್ರ ಮಾಡಿಕೊಂಡವನನ್ನು ಇನ್ನೆಲ್ಲಿ ಸೆರೆಯಿಡುತ್ತೀರಿ?

• ವಿಯೆಟ್ನಾಮಿನ ಬಿಷಪ್ ನ್ಗುಯೆನ್ ವಾನ್ ಥುವಾನ್ 1975ರಿಂದ 13 ವರ್ಷ ಸೆರೆಯಲ್ಲಿದ್ದರು. ಅದರಲ್ಲಿ 9 ವರ್ಷ ಒಂಟಿ ಕೋಣೆಯಲ್ಲಿ. ಹೊಟ್ಟೆಯ ಔಷಧಿ ಎಂಬ ಹೆಸರಿನಲ್ಲಿ ದ್ರಾಕ್ಷಾರಸ ತರಿಸಿಕೊಂಡು, ಅಂಗೈಯಲ್ಲಿ ಮೂರು ಹನಿ ರಸ, ಒಂದು ಹನಿ ನೀರು ಇಟ್ಟು ಬಲಿಪೂಜೆ ಅರ್ಪಿಸುತ್ತಿದ್ದರು. ಕ್ಯಾಂಡಿಯ ಗುಡಿಸಲಿಗೂ ಈ ಅಂಗೈಗೂ ನಡುವೆ ಸುಮಾರು 300 ವರ್ಷ. ಪೀಠ ಚಿಕ್ಕದಾಗುತ್ತ ಹೋದಂತೆ ಅದರ ಮೇಲಿರುವುದು ಚಿಕ್ಕದಾಗಲಿಲ್ಲ.

• ಬಂಗಾರದ ಪಾತ್ರೆ ಪ್ರಸಾದಕ್ಕೆ ನಾವು ಸಲ್ಲಿಸುವ ಮರ್ಯಾದೆ. ಪಾತ್ರೆಯೇ ಇಲ್ಲದಾಗ ಚಾಚಿದ ಕೈ, ಪ್ರಸಾದ ನಮಗೆ ಸಲ್ಲಿಸುವ ಮರ್ಯಾದೆ.

• ಪೂಜೆಗೆ ಏನೇನು ಬೇಕು ಎಂಬ ಪಟ್ಟಿ ಉದ್ದವಾಗಿದ್ದರೆ ನಾವಿನ್ನೂ ಸುಖದಲ್ಲಿದ್ದೇವೆ ಎಂದರ್ಥ.

ಪಂಕ್ತಿ

• ಕ್ರಿಸ್ತನ ಕೊನೆಯ ಭೋಜನವನ್ನು ಕುರಿತು ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿದೆ. ಅದನ್ನು ಅವನು ಬರೆದದ್ದು ಬೈಯುವಾಗ. ಉಳ್ಳವರು ಮೊದಲೇ ಬಂದು ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ನಿಲ್ಲುತ್ತಿದ್ದರು. ಪ್ರಸಾದದ ಮೊದಲ ಪಾಠವೇ ಪಂಕ್ತಿಭೇದಕ್ಕೆ ಬಿದ್ದ ಛೀಮಾರಿಯ ನಡುವೆ ಇದೆ. ಪಾಠ ಬಾಯಿಪಾಠವಾಗಿ ಛೀಮಾರಿ ಮರೆತುಹೋಯಿತು.

• ವಾಜ್ ಸೇರಿದ ಗೋವೆಯ ಓರೆಟರಿ ಸಂಘದಲ್ಲಿದ್ದವರು ಬ್ರಾಹ್ಮಣ ಮನೆತನಗಳಿಂದ ಬಂದ ಕ್ರೈಸ್ತ ಪಾದ್ರಿಗಳು. ಐರೋಪ್ಯ ಸಂಘಗಳು ದೇಶೀಯರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಹೊರಗುಳಿದವರು ತಮ್ಮದೇ ಮನೆ ಕಟ್ಟಿಕೊಂಡು, ಅದಕ್ಕೂ ಒಂದು ಬಾಗಿಲಿಟ್ಟು, ಅದನ್ನೂ ಮುಚ್ಚಿದರು. ಅವಮಾನ ಕಲಿಸಿದ ಪಾಠವನ್ನು ಜಾತಿ ಎಷ್ಟು ಬೇಗ ಅಳಿಸುತ್ತದೆ!

• ಆ ಬಾಗಿಲಿನಿಂದ ಹೊರಬಂದ ವಾಜ್ ಕೂಲಿಯಾಳಿನ ವೇಷದಲ್ಲಿ ಕಡಲು ದಾಟಿದರು. ವೇಷ ಹಾಕಿದ್ದು ಕಾವಲುಗಾರರ ಕಣ್ಣು ತಪ್ಪಿಸಲು. ಅದು ಜಾತಿಯ ಕಣ್ಣನ್ನೂ ತಪ್ಪಿಸಿತು.

• ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದಲ್ಲಿ ಬಡಿಸುವವರು ಕೇಳುವುದು ಒಂದೇ ಮಾತು: “ಇನ್ನೇನ ಬೇಕ್ರಿ?” ನೀನು ಯಾರು, ಎಲ್ಲಿಂದ ಬಂದೆ ಎಂಬ ಪ್ರಶ್ನೆ ಆ ಸೌಟಿನಲ್ಲಿಲ್ಲ. ಯಾವ ಧರ್ಮದ ಪ್ರಸಾದವೇ ಆಗಲಿ, ಈ ಮಾತಿನ ಮುಂದೆ ಒಮ್ಮೆ ನಿಂತು ತನ್ನನ್ನು ನೋಡಿಕೊಳ್ಳಬಹುದು.

• ಹಾಗೆಂದು ಎರಡೂ ಒಂದೇ ಅಲ್ಲ. ದಾಸೋಹದ ಅನ್ನ ದೇವರಿಗೆ ಅರ್ಪಿತವಾಗಿ ಭಕ್ತರ ಎಲೆಗೆ ಬರುತ್ತದೆ. ಪರಮ ಪ್ರಸಾದದಲ್ಲಿ ಅರ್ಪಿತನಾದವನೇ ಅನ್ನವಾಗಿ ಬರುತ್ತಾನೆಂಬುದು ಕಥೋಲಿಕರ ನಂಬಿಕೆ. ಎಲ್ಲವೂ ಒಂದೇ ಎಂದುಬಿಡುವುದು ಸುಲಭದ ಸೌಹಾರ್ದ. ವ್ಯತ್ಯಾಸ ತಿಳಿದೂ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು ಬಾಳಿಕೆ ಬರುವ ಸೌಹಾರ್ದ.

• ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ನಾಲ್ಕೂ ದಿಕ್ಕಿನಿಂದ ಬಾಗಿಲು, ಒಳಗಿನ ಲಿಂಗಕ್ಕೆ ನಾಲ್ಕು ಮುಖ. ಚಾಲುಕ್ಯರ ಶಿಲ್ಪಿ ಬೆನ್ನಿಲ್ಲದ ದೇವರನ್ನು ಕಡೆದ. ಯಾವ ಕಡೆಯಿಂದ ಬಂದರೂ ಎದುರಾಗುವವನೇ ದೇವರು ಎಂಬ ಈ ಕಲ್ಲಿನ ಮಾತನ್ನು ವಾಜ್ ಕೇಳಿದ್ದರೆ ತಲೆದೂಗುತ್ತಿದ್ದರು ಎನಿಸುತ್ತದೆ. ಅವರ ದೇವರೂ ಯಾರ ಹಿತ್ತಿಲಬಾಗಿಲಿನಿಂದ ಬೇಕಾದರೂ ಒಳಗೆ ಹೋಗಲು ಸಿದ್ಧನಿದ್ದ.

• ಎಲ್ ಸಾಲ್ವಡಾರ್‌ನಲ್ಲಿ ಬಡವರ ಪರ ಮಾತಾಡಿದ ಆರ್ಚ್‌ಬಿಷಪ್ ಓಸ್ಕರ್ ರೊಮೆರೊ 1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. ಪೀಠದ ಮೇಲಿನ ಪೂಜೆ ಮಾತ್ರವಾಗಿದ್ದರೆ ಯಾರೂ ಅವರನ್ನು ಕೊಲ್ಲುತ್ತಿರಲಿಲ್ಲ. ರೊಟ್ಟಿ ಮುರಿಯುವ ಕೈ ರೊಟ್ಟಿಯಿಲ್ಲದವರತ್ತ ಬೆರಳು ತೋರಿಸಿದಾಗ ಬಂದೂಕುಗಳಿಗೆ ಸಿಟ್ಟು ಬರುತ್ತದೆ.

ಆರಾಧನೆ

• ನಡೆಯುವವನಿಗೂ ಕೂಡುವ ಜಾಗ ಬೇಕು. ಪ್ರಸಾದದ ಮುಂದೆ ಸುಮ್ಮನೆ ಕೂಡುವ ಹೊತ್ತು ಮರುದಿನದ ದಾರಿಗೆ ಬೇಕಾದ ಉಸಿರು.

• ಸ್ಪೇನಿನ ಪಾಸ್ಕಲ್ ಬೇಲೋನ್ (1540–1592) ಮೊದಲು ಕುರಿ ಕಾದರು, ಆಮೇಲೆ ಫ್ರಾನ್ಸಿಸ್ಕನ್ ಮಠದ ಬಾಗಿಲು ಕಾದರು. 1897ರಲ್ಲಿ ಪೋಪ್ ಹದಿಮೂರನೆಯ ಲಿಯೋ ಪರಮ ಪ್ರಸಾದದ ಮಹಾಸಮ್ಮೇಳನಗಳಿಗೆ ಅವರನ್ನು ಪಾಲಕ ಸಂತರನ್ನಾಗಿ ಸಾರಿದರು. 1964ರಲ್ಲಿ ಮುಂಬಯಿಯಲ್ಲಿ ನಡೆದ ಸಮ್ಮೇಳನಕ್ಕೆ ಪೋಪ್ ಆರನೆಯ ಪೌಲರೇ ಬಂದರು. ಪಂಡಿತರೂ ಪೋಪರೂ ಕೂಡುವ ಸಭೆಗೆ ಕುರಿ ಕಾಯ್ದವನ ನೆರಳು! ಕಾಯುವುದನ್ನು ಬಲ್ಲವನಿಗೇ ಆರಾಧನೆ ಗೊತ್ತು ಎಂದು ಚರ್ಚು ಒಪ್ಪಿಕೊಂಡಂತಾಯಿತು.

• ಪ್ರತಿ ವರ್ಷ ಜನವರಿಯ ಮೊದಲ ದಿನಗಳಲ್ಲಿ ಮಂಗಳೂರಿನ ಮಿಲಾಗ್ರಿಸ್ ಚರ್ಚಿನಿಂದ ರೊಸಾರಿಯೊ ಕೆಥೆಡ್ರಲ್‌ವರೆಗೆ ಪರಮ ಪ್ರಸಾದದ ಮೆರವಣಿಗೆ ಹೋಗುತ್ತದೆ. ಸಾವಿರಾರು ಜನ, ಹಾಡು, ಹೂವು. ಅದೇ ಕರಾವಳಿಯಲ್ಲಿ ವಾಜ್ ತಿರುಗಿದಾಗ ಯಾವ ಪಲ್ಲಕ್ಕಿಯೂ ಇರಲಿಲ್ಲ. ಎರಡೂ ಮೆರವಣಿಗೆಯೇ; ಒಂದನ್ನು ಊರು ನೋಡಿತು, ಇನ್ನೊಂದು ಊರನ್ನು ನೋಡಿತು.

• ಆರಾಧನೆ ಮುಗಿಸಿ ಹೊರಬಂದವನಿಗೆ ಮೆಟ್ಟಿಲ ಮೇಲೆ ಕೂತವರು ಕಾಣದಿದ್ದರೆ ಒಳಗೂ ಅವನಿಗೆ ಏನೂ ಕಂಡಿರಲಿಕ್ಕಿಲ್ಲ.

• ರೊಟ್ಟಿಯೊಳಗೆ ದೇವರಿದ್ದಾನೆ ಎಂದು ನಂಬುವುದು ಕಷ್ಟ ಎನ್ನುತ್ತಾರೆ. ಹಸಿದವನೊಳಗೆ ಇದ್ದಾನೆ ಎಂದು ನಂಬುವುದು ಅದಕ್ಕಿಂತ ಕಷ್ಟ. ಮೊದಲನೆಯದಕ್ಕೆ ನಾಲಗೆ ಸಾಕು, ಎರಡನೆಯದಕ್ಕೆ ಕೈ ಬೇಕು.

ಬುತ್ತಿ

• ಸಾಯುವ ಹೊತ್ತಿನಲ್ಲಿ ಕೊಡುವ ಪರಮ ಪ್ರಸಾದವನ್ನು ಚರ್ಚು ಕೊನೆಯ ದಾರಿಯ ಬುತ್ತಿ ಎಂದು ಎಣಿಸುತ್ತದೆ. ದೂರದ ಪ್ರಯಾಣಕ್ಕೆ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುವ ನಮ್ಮ ಕಡೆಯ ಅವ್ವಂದಿರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

• 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಹೆದರಿದವರು ಊರು ಬಿಟ್ಟರು. ರೋಗಿಗಳನ್ನು ಕಾಡಿಗೆ ಬಿಟ್ಟರು. ವಾಜ್ ತಮ್ಮ ಸೋದರಳಿಯ ಪಾದ್ರಿ ಜೋಸೆಫ್ ಕರ್ವಾಲ್ಯೊ ಜತೆ ಸೇರಿ ಗುಡಿಸಲು ಹಾಕಿದರು, ಹುಣ್ಣು ತೊಳೆದರು, ಉಣಿಸಿದರು, ಸತ್ತವರಿಗೆ ಗುಂಡಿ ತೋಡಿದರು. ಪರಮ ಪ್ರಸಾದದ ಪಂಕ್ತಿ ಕಥೋಲಿಕರಿಗೆ. ಆರೈಕೆಯ ಪಂಕ್ತಿಗೆ ಅಂಥ ಎಲ್ಲೆ ಇರಲಿಲ್ಲ. ಗಂಜಿ ಕುಡಿಸುವಾಗ ಅವರು ರೋಗಿಯ ಧರ್ಮ ಕೇಳಲಿಲ್ಲ.

• ಬೆಳಿಗ್ಗೆ ಪೀಠದ ಬಳಿ ರೊಟ್ಟಿ ಎತ್ತಿದ ಕೈಗಳೇ ಸಂಜೆ ಕೀವು ಒರೆಸಿದವು. ಕೈ ಎರಡೇ, ಪೂಜೆಯೂ ಒಂದೇ.

• ಮುಟ್ಟಿದರೆ ಅಂಟುವ ರೋಗಕ್ಕೆ ಹೆದರಿ ಊರು ಖಾಲಿಯಾದಾಗ, ಮುಟ್ಟಿದರೆ ಅಂಟುವ ಕರುಣೆಯನ್ನು ನಂಬಿ ಇಬ್ಬರು ಉಳಿದುಕೊಂಡರು.

• ವಾಜ್ ತಾವೊಬ್ಬರೇ ಉಳಿಯಬೇಕೆಂದು ಬಯಸಲಿಲ್ಲ. ಗೋವೆಯಿಂದ ಇತರ ಪಾದ್ರಿಗಳನ್ನು ಕರೆಸಿಕೊಂಡರು. 1705ರಲ್ಲಿ ಬಂದ ಜಾಕೋಮೆ ಗೊನ್ಸಾಲ್ವಿಸ್ ಸಿಂಹಳ, ತಮಿಳುಗಳಲ್ಲಿ ಗ್ರಂಥಗಳನ್ನೇ ಬರೆದರು. ತನ್ನ ಕೈ ಸೋತ ಮೇಲೂ ಬಡಿಸುವ ಕೈ ಇರಬೇಕೆಂದು ನೋಡಿಕೊಳ್ಳುವವನೇ ಒಳ್ಳೆಯ ಬಡಿಸುವವನು.

• ವಾಜ್ ಅವರ ಸಮಾಧಿ ಎಲ್ಲಿದೆಯೆಂದು ಇಂದು ಯಾರೂ ತೋರಿಸಲಾರರು. ಸಂತರ ಗೋರಿಯ ಸುತ್ತ ಊರು ಬೆಳೆಯುವುದನ್ನು ನೋಡಿದವರು ನಾವು. ಈ ಸಂತರಿಗೆ ಗೋರಿಯೂ ಇಲ್ಲ. ಅವರನ್ನು ಕಾಣಬೇಕಾದರೆ ಅವರು ಹೊತ್ತು ತಂದದ್ದರ ಮುಂದೆ ನಿಲ್ಲಬೇಕು. ಅವರಿಗೂ ಬೇಕಾಗಿದ್ದದ್ದು ಅದೇ.

• ಸಾವಿನಿಂದ ಸಂತಪದವಿಗೆ 304 ವರ್ಷ ಹಿಡಿಯಿತು. 1995ರ ಜನವರಿ 21ರಂದು ಧನ್ಯರೆಂದು ಸಾರಿದ್ದು, ಅದಾಗಿ 20 ವರ್ಷಕ್ಕೆ ಸಂತರೆಂದದ್ದು. ರೋಮಿನ ಕಡತ ನಿಧಾನ. ಜಾಫ್ನಾದ ಜನ ಅವರನ್ನು ಗುರುತಿಸಲು ಕೊರಳಿನ ಒಂದು ಜಪಮಾಲೆ ಸಾಕಾಗಿತ್ತು.

• ಪ್ರಸಾದ ನಮ್ಮ ಊರಿಗೆ ಬಂದಿದೆ, ನಮ್ಮ ಬೀದಿಗೆ ಬಂದಿದೆ, ನಮ್ಮ ನಾಲಗೆಯವರೆಗೂ ಬಂದಿದೆ. ಅಲ್ಲಿಂದ ಮುಂದಿನ ದಾರಿ ಅದು ನಮ್ಮ ಕಾಲಿನಲ್ಲೇ ನಡೆಯಬೇಕು.

• ಪಂಕ್ತಿಯಲ್ಲಿ ಕೈಚಾಚುವ ಮುನ್ನ ಎಡಕ್ಕೂ ಬಲಕ್ಕೂ ಒಮ್ಮೆ ನೋಡು. ಬರಬೇಕಾಗಿದ್ದು ಬಾರದವರು ಯಾರೆಂದು ತಿಳಿದರೆ, ಪೂಜೆ ಮುಗಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದೂ ತಿಳಿಯುತ್ತದೆ.